ತೂಕದ ಎಣ್ಣೆ

ಕಮಟು ಬ್ಯಾನಿಗೆ ಔಷಧವೇ ಇಲ್ಲ ಎನ್ನುವ ಕಾಲ ಹೋಗಿ, ಔಷಧ ಇದೆ, ಆದರೆ ನಲವತ್ತು ಮಕ್ಕಳಿಗೆ ಸಾಲುವಷ್ಟೇ ಇದೆ ಎನ್ನುವ ಕಾಲ ಬಂದಿತ್ತು. ಎರಡರಲ್ಲಿ ಯಾವುದು ಕಷ್ಟ ಎಂದು ಯಾರಾದರೂ ಕೇಳಿದ್ದರೆ, ಎರಡನೆಯದೇ ಎಂದು ಕಸ್ತೂರಿ ಹೂಗಾರ ಯೋಚಿಸದೆ ಹೇಳುತ್ತಿದ್ದಳು. ಮೊದಲಿನ ಕಾಲದಲ್ಲಿ ದೇವರನ್ನು ಬೈದು ಸುಮ್ಮನಾಗಬಹುದಿತ್ತು. ಈಗ ಪ್ರತಿ ಗುರುವಾರ ಒಂಬತ್ತು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡು ಹೋಗಿ, ಒಂದು ಅಂಕಿಯನ್ನು ಕೇಳಿಸಿಕೊಂಡು ಬರಬೇಕಿತ್ತು.

ಆ ಗುರುವಾರದ ಅಂಕಿ ಹನ್ನೆರಡು.

“ಹೋದ ವಾರನೂ ಹನ್ನೆರಡ ಇತ್ತಲ್ರಿ,” ಎಂದಳು ಕಸ್ತೂರಿ.

“ಅದರ ಹಿಂದಿನ ವಾರನೂ ಅಷ್ಟ,” ಎಂದರು ಡಾಕ್ಟರ್ ನೂರ್‌ಜಹಾನ್ ನದಾಫ್, ಪರದೆಯಿಂದ ಕಣ್ಣು ತೆಗೆಯದೆ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಮಾತು ಒಳ್ಳೆಯದಲ್ಲ ಎಂದು ಆ ಆಸ್ಪತ್ರೆಗೆ ಬರುವ ಎಲ್ಲ ತಾಯಂದಿರಿಗೂ ಗೊತ್ತಿತ್ತು. “ಆರು ವಾರ ಉಳದಾವ ಕಸ್ತೂರಿ. ಅಷ್ಟರಾಗ ಇಪ್ಪತ್ತ ಮುಟ್ಟಬೇಕು. ಮುಟ್ಟಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ. ಹೊರಗ ಇನ್ನೂರ ಕೂಸು ಸಾಲಿನ್ಯಾಗ ಅದಾವ.”

ನಮ್ಮ ನರಗಳ ಸುತ್ತ ತೆಳುವಾದ ಕೊಬ್ಬಿನ ಹೊದಿಕೆ ಇರುತ್ತದೆ. ಕಮಟು ಬ್ಯಾನಿಯ ಮಕ್ಕಳಲ್ಲಿ ಆ ಕೊಬ್ಬು, ಬಾಯಿ ತೆರೆದಿಟ್ಟ ಡಬ್ಬಿಯ ಎಣ್ಣೆಯ ಹಾಗೆ ಕಮಟು ಹಿಡಿಯುತ್ತದೆ. ಮೊದಲು ಓಡುವುದು ನಿಲ್ಲುತ್ತದೆ, ಆಮೇಲೆ ನಡೆಯುವುದು, ಆಮೇಲೆ ಕೈ ಚಮಚ ಹಿಡಿಯುವುದಿಲ್ಲ. ಕಸ್ತೂರಿಯ ಮಗಳು ವೈಜಯಂತಿ ಈಗ ಗೋಡೆ ಹಿಡಿದು ನಡೆಯುವ ಹಂತದಲ್ಲಿದ್ದಳು. ಔಷಧವೆಂದರೆ ಒಂದು ಎಣ್ಣೆ, ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ. ಕುಸುಬಿ ಎಣ್ಣೆಯಲ್ಲಿರುವಂಥದೇ ಕೊಬ್ಬು, ಅದೇ ಅಣು, ಅದೇ ಆಕಾರ. ಅದರಲ್ಲಿ ಸುಲಭವಾಗಿ ಕಿತ್ತುಹೋಗಿ ಕಮಟಿಗೆ ದಾರಿ ಮಾಡುವ ಎರಡು ಹೈಡ್ರೋಜನ್ ಪರಮಾಣುಗಳ ಜಾಗದಲ್ಲಿ ಇಮ್ಮಡಿ ಭಾರದ ಹೈಡ್ರೋಜನ್ ಕೂರಿಸಿರುತ್ತಾರೆ. ಊರ ಜನ ಅದಕ್ಕೆ ತೂಕದ ಎಣ್ಣೆ ಎಂದು ಹೆಸರಿಟ್ಟಿದ್ದರು. ರಕ್ತದ ಕೊಬ್ಬಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ತೂಕದ್ದಾದರೆ ಸಾಕು, ಕಮಟು ಹರಡುವುದು ನಿಲ್ಲುತ್ತದೆ. ಆರು ತಿಂಗಳಲ್ಲಿ ಇಪ್ಪತ್ತು ಮುಟ್ಟದ ಮಕ್ಕಳ ಚಮಚ ಸಾಲಿನಲ್ಲಿ ಮುಂದಿರುವ ಮಗುವಿಗೆ ಹೋಗುತ್ತದೆ. ಕಾಗದದಲ್ಲಿ ಅಂಥವರನ್ನು ‘ಸ್ಪಂದಿಸದ ರೋಗಿ’ ಎಂದು ಬರೆಯುತ್ತಿದ್ದರು. ಪಡಸಾಲೆಯಲ್ಲಿ ಕೂತ ಜನ ‘ಮೈಗೆ ಹತ್ತಲಾರದವರು’ ಎನ್ನುತ್ತಿದ್ದರು. ಈವರೆಗೆ ಆರು ಮಕ್ಕಳಿಗೆ ಹತ್ತಿರಲಿಲ್ಲ.

ಕಸ್ತೂರಿ ಹೊರಗೆ ಬಂದಾಗ ಪಡಸಾಲೆಯಲ್ಲಿ ಅವಳ ಅತ್ತೆ ನೀಲವ್ವ ನೆಲದ ಮೇಲೆ ಕಾಲು ಚಾಚಿ ಕೂತು, ಯಾರದೋ ಮಗುವನ್ನು ತನ್ನ ಕಾಲುಗಳ ಮೇಲೆ ಮಲಗಿಸಿಕೊಂಡಿದ್ದಳು. ಸುತ್ತ ನಾಲ್ಕೈದು ಹೆಂಗಸರು, ಒಬ್ಬ ಗಂಡಸು. ನಲವತ್ತು ವರ್ಷ ಓಣಿಯ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕಿದ ಕೈ ಅದು.

“ಹಂಗ ಒರಸಿದ್ರ ನೆಲಾ ಒರಸಿದಂಗ ಆತು,” ಎಂದು ನೀಲವ್ವ ಒಬ್ಬಳನ್ನು ಗದರುತ್ತಿದ್ದಳು. “ಬೆರಳಿಗೆ ಜೀವಾ ಕೊಡಬೇಕು. ಎಣ್ಣಿ ಉಗುರುಬೆಚ್ಚಗ ಇರಬೇಕು. ಒಳಗ ಇಳಿಯೂ ತನಕಾ ಕೈ ಬಿಡಬಾರದು. ಏ ತಮ್ಮಾ, ನೀನೂ ನೋಡ್ಕೊ. ಗಂಡಸರ ಕೈ ಅಂತ ನಾಚಿಕೊಂಡ್ರ ಕೂಸಿನ ಕಾಲ ನೋವು ಹೋಗತೈತೇನು?”

ತಮ್ಮ ಎನಿಸಿಕೊಂಡವನು ರೋಣದ ಕಡೆಯ ಫಕೀರಪ್ಪ. ಎಣ್ಣೆಗಾಣದಲ್ಲಿ ಕೆಲಸ, ತಾಯಿ ಇಲ್ಲದ ಮಗಳು ರೇಣವ್ವ. ರೇಣವ್ವನಿಗೆ ಹತ್ತಲಿಲ್ಲ ಎಂದು ಬರೆದುಕೊಟ್ಟು ಎರಡು ತಿಂಗಳಾಗಿತ್ತು. ಆದರೂ ಅವನು ಪ್ರತಿ ಗುರುವಾರ ಮಗಳನ್ನು ಹೊತ್ತುಕೊಂಡು ಬಸ್ಸಿಗೆ ಬರುತ್ತಿದ್ದ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

*

ಮನೆ ಗದುಗಿನ ಅಂಚಿನಲ್ಲಿ. ಅಲ್ಲಿಂದ ನೋಡಿದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಸಾಲಾಗಿ ಕಾಣುತ್ತವೆ. ಕಸ್ತೂರಿಯ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಈಗ ಮೂರೇ ಜನ. ತೂಕದ ಎಣ್ಣೆ ಮನೆ ಹೊಕ್ಕ ದಿನದಿಂದ ಬೇರೆ ಎಣ್ಣೆಗಳೆಲ್ಲ ಅಡಿಗೆಯಿಂದ ಹೊರಬಿದ್ದಿದ್ದವು. ಜೀವಕೋಶಕ್ಕೆ ಎರಡೂ ಎಣ್ಣೆ ಒಂದೇ. ಯಾವುದು ಮೊದಲು ಬಂತೋ ಅದನ್ನು ಹೊದಿಕೆಗೆ ಸೇರಿಸಿಕೊಂಡುಬಿಡುತ್ತದೆ. ಹಾಗಾಗಿ ಶೇಂಗಾ ಇಲ್ಲ, ಕುಸುಬಿ ಇಲ್ಲ, ಗುರೆಳ್ಳು ಇಲ್ಲ, ಎಳ್ಳು ಇಲ್ಲ. ಒಗ್ಗರಣೆ ಹನಿ ತುಪ್ಪದಲ್ಲಿ. ಶೇಂಗಾ ಹಿಂಡಿ ಇಲ್ಲದ ರೊಟ್ಟಿ, ಎಣ್ಣೆ ಇಲ್ಲದ ಬದನೆಕಾಯಿ. ಮಗಳು ತಿನ್ನದ್ದನ್ನು ತಾವೂ ತಿನ್ನಬಾರದೆಂದು ಅತ್ತೆ ಸೊಸೆ ಇಬ್ಬರೂ ಮೊದಲ ದಿನವೇ ಒಪ್ಪಿಕೊಂಡಿದ್ದರು. ತಿಂಗಳೊಪ್ಪತ್ತಿನಲ್ಲಿ ನೀಲವ್ವನ ಬಾಯಿ ಮಾತ್ರ ದಂಗೆ ಎದ್ದಿತ್ತು: “ಈ ಬದ್ನಿಕಾಯಿ ತಿನ್ನೂದಕ್ಕಿಂತ ಅದನ್ನ ಗಿಡಕ್ಕ ವಾಪಸ್ ಹಚ್ಚೂದು ಚೊಲೊ.”

ಅಂದು ಸಂಜೆ ಕಸ್ತೂರಿ ಮೊರದಲ್ಲಿ ಜೋಳ ಕೇರುತ್ತಿದ್ದಳು. ವೈಜಯಂತಿ ಗೋಡೆಗೊರಗಿ ಕೂತಿದ್ದಳು.

“ಅವ್ವಾ, ತೂಕದ ಎಣ್ಣಿ ತಿಂದ್ರ ನನ್ನ ತೂಕಾನೂ ಹೆಚ್ಚಾಗತೈತೇನು?”

“ಹೂಂ. ಒಂದ ಗುಲಗಂಜಿಯಷ್ಟು.”

“ಮತ್ತ ಅಷ್ಟರಾಗ ಏನ ಆಗತೈತಿ?”

ಕಸ್ತೂರಿ ಮೊರವನ್ನು ಮಗಳ ಮುಂದೆ ಹಿಡಿದು ನಾಲ್ಕು ಸಲ ಕುಲುಕಿದಳು. ಹೊಟ್ಟು ಎಗರಿ ಅಂಚು ದಾಟಿ ಬಿತ್ತು. ಕಾಳು ಎದ್ದ ಹಾಗೆ ಮಾಡಿ ಅಲ್ಲೇ ಕೂತಿತು. “ನೋಡು. ಮೊರಾ ಒಂದ, ಅಂಚು ಒಂದ. ಹಗರ ಇದ್ದದ್ದು ಹಾರಿಹೋತು, ತೂಕ ಇದ್ದದ್ದು ತಳಾ ಹಿಡದ ಕುಂತತು. ಹೈಡ್ರೋಜನ್ ಕೂಡೂ ಜಾಗಾನೂ ಹಿಂಗ ಒಂದ ತಗ್ಗು.”

“ಅದನ್ನ ಯಾರ ಕುಲಕತಾರ?”

ಇದಕ್ಕೆ ಉತ್ತರ ಹೇಳುವುದು ಕಷ್ಟವಿತ್ತು, ಏಕೆಂದರೆ ಯಾರೂ ಕುಲುಕುವುದಿಲ್ಲ. ಲೋಕವೆಲ್ಲ ಹೆಪ್ಪುಗಟ್ಟುವಷ್ಟು ತಣ್ಣಗಾದರೂ ಆ ಪರಮಾಣು ತನ್ನ ತಗ್ಗಿನಲ್ಲಿ ಸುಮ್ಮನೆ ಕೂರುವುದಿಲ್ಲ. ಇಕ್ಕಟ್ಟಿನಲ್ಲಿಟ್ಟಷ್ಟೂ ಅದರ ಚಡಪಡಿಕೆ ಹೆಚ್ಚು. ಹಗುರವಾದಷ್ಟೂ ಇನ್ನೂ ಹೆಚ್ಚು. ತಗ್ಗನ್ನು ತೋಡುವವು ಎಲೆಕ್ಟ್ರಾನುಗಳು. ಪರಮಾಣುವಿನ ನಡುವಿನ ಬೀಜ ಹಗುರವೋ ಭಾರವೋ ಅವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಅಣುವಿನ ಗಾತ್ರ ಬದಲಾಗುವುದಿಲ್ಲ, ತಗ್ಗಿನ ಆಳವೂ ಬದಲಾಗುವುದಿಲ್ಲ. ಬದಲಾಗುವುದು ಒಂದೇ: ಭಾರದ್ದು ಅದೇ ತಗ್ಗಿನಲ್ಲಿ ಇನ್ನಷ್ಟು ಕೆಳಗೆ ಕೂರುತ್ತದೆ. ಕೆಳಗೆ ಕೂತದ್ದನ್ನು ಮೇಲೆತ್ತಿ ಕೀಳಲು ಹೆಚ್ಚು ಶಕ್ತಿ ಬೇಕು. ಕೊಬ್ಬಿನಿಂದ ಹೈಡ್ರೋಜನ್ ಕಿತ್ತು ಕಮಟು ಹಿಡಿಸುವ ಕಿಡಿಗೆ ಅಷ್ಟು ಶಕ್ತಿ ಇರುವುದಿಲ್ಲ. ಆ ಎಣ್ಣೆ ಮಾಡುವ, ಕಸ್ತೂರಿ ದುಡಿಯುವ ಇಡೀ ಕಾರ್ಖಾನೆ, ಗುಡ್ಡದ ಮೇಲಿನ ಅಷ್ಟೂ ಗಾಳಿಯಂತ್ರಗಳು ನಿಂತದ್ದು ಆ ತುಸು ಕೆಳಗಿನ ಕೂರುವಿಕೆಯ ಮೇಲೆ.

“ಅದಕ್ಕ ಸುಮ್ಮನ ಕೂಡಾಕ ಬರೂದಿಲ್ಲ,” ಎಂದಳು ಕಸ್ತೂರಿ. “ನಿನ್ನಂಗ.”

“ನಾ ಈಗ ಕೂಡತೀನಲ್ಲ,” ಎಂದಳು ವೈಜಯಂತಿ.

ಮಕ್ಕಳು ಇಂಥ ಮಾತನ್ನು ದುಃಖಕ್ಕೆ ಆಡುವುದಿಲ್ಲ, ಲೆಕ್ಕಕ್ಕೆ ಆಡುತ್ತಾರೆ. ಅಷ್ಟರಲ್ಲಿ ನೀಲವ್ವ ಒಳಗಿನಿಂದ, “ಕಸ್ತೂರಿ, ಬಟ್ಟಲಾ ಒಲಿ ಮ್ಯಾಲೆ ಇಟ್ಟಿಯೇನವಾ?” ಎಂದು ಕೂಗಿದಳು. ಕಸ್ತೂರಿ ಎದ್ದು ದಿನದಂತೆ ಎಣ್ಣೆಯ ಬಟ್ಟಲು ಬೆಚ್ಚಗೆ ಮಾಡಿ ಅತ್ತೆಯ ಪಕ್ಕದಲ್ಲಿಟ್ಟಳು. ಸಂಜೆಯಾದರೆ ಮಗಳ ಕಾಲು ಸೆಳೆಯುತ್ತಿದ್ದವು. ಮಾತ್ರೆಗೆ ಹೋಗದ ನೋವು ಅಜ್ಜಿಯ ಅರ್ಧ ಗಂಟೆಯ ತಿಕ್ಕಿಗೆ ಹೋಗುತ್ತಿತ್ತು. ಇಡೀ ದಿನದಲ್ಲಿ ವೈಜಯಂತಿ ನಿರುಮ್ಮಳವಾಗಿ ಉಸಿರು ಬಿಡುತ್ತಿದ್ದದ್ದು ಆ ಅರ್ಧ ಗಂಟೆ.

*

ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲಿ ಕಸ್ತೂರಿಗೆ ಆರು ವರ್ಷದ ಅನುಭವ. ನದಿಯ ನೀರು ಕೊಳವೆಯಲ್ಲಿ ಬಂದು ಮುಗಿಲೆತ್ತರದ ಕಂಬಗಳನ್ನು ಹತ್ತಿ ಇಳಿಯುತ್ತದೆ. ನೀರಿನ ಆರು ಸಾವಿರ ಹೈಡ್ರೋಜನ್‌ಗಳಲ್ಲಿ ಒಂದು ಮಾತ್ರ ಭಾರದ್ದು. ಅದನ್ನು ಹೆಕ್ಕಿ ತೆಗೆದು ಎಣ್ಣೆಯೊಳಗೆ ಕೂರಿಸುವುದೇ ಅಲ್ಲಿನ ಕೆಲಸ. ಹೆಕ್ಕಲು ಬೇಕಾದ ವಿದ್ಯುತ್ತು ಗಾಳಿಯದ್ದು. ಆಷಾಢದಲ್ಲಿ ಗಾಳಿ ಹುಚ್ಚೆದ್ದು ಬೀಸುತ್ತದೆ, ಎಣ್ಣೆ ತುಂಬಿ ಬರುತ್ತದೆ. ಈಗ ಚೈತ್ರ. ಎಲೆ ಅಲುಗುತ್ತಿರಲಿಲ್ಲ.

ಗುರುವಾರದ ಅಂಕಿ ಕೇಳಿ ಬಂದ ಮೇಲೆ ಕಸ್ತೂರಿ ಮೊದಲು ಅನುಮಾನಪಟ್ಟದ್ದು ತನ್ನ ಕೆಲಸವನ್ನೇ. ತನ್ನ ಪಾಳಿಯಲ್ಲಿ ಯಾವುದೋ ಕಂಬದ ಬಿಸಿ ತಪ್ಪಿರಬೇಕು, ಎಣ್ಣೆಯಲ್ಲಿ ತೂಕ ಕಡಿಮೆಯಾಗಿರಬೇಕು. ಮೂರು ದಿನ ಊಟದ ಬಿಡುವಿನಲ್ಲೂ ಹಳೆಯ ದಾಖಲೆ ತಿರುವಿದಳು. ಎಲ್ಲ ಸರಿಯಾಗಿತ್ತು. ಹಾಗಾದರೆ ಮನೆಯ ಅಡಿಗೆ? ಉಪ್ಪಿನಕಾಯಿ ಕೂಡ ನೀರಿನದ್ದು. ಶಾಲೆಯಲ್ಲಿ ಯಾರಾದರೂ ಚಕ್ಕುಲಿ ಕೊಟ್ಟರೇ? ಮಗಳನ್ನು ಗದರಿ ಕೇಳಿದಳು. ವೈಜಯಂತಿ ಅಜ್ಜಿಯ ಮೇಲೆ ಆಣೆ ಇಟ್ಟಳು.

ನಾಲ್ಕನೆಯ ದಿನ ಕಾರ್ಖಾನೆಯವರ ವರ್ಷದ ರಕ್ತಪರೀಕ್ಷೆಯ ಫಲಿತಾಂಶ ಬಂತು. ಅವಳ ಪಾಳಿಯ ರಾಚಯ್ಯ ಕಾಗದ ತಂದು ಮೇಜಿನ ಮೇಲಿಟ್ಟ.

“ಅಭಿನಂದನಾ ಕಸ್ತೂರಿಬಾಯಿ. ನೀವೂ ತೂಕದ ಮಂದಿ ಆದ್ರಿ. ನಿಮ್ಮದು ಎರಡು, ನಂದು ಮೂರು.”

“ಏನ ಎರಡು?”

“ರಕ್ತದಾಗ ತೂಕದ ಎಣ್ಣಿ. ನೂರಕ್ಕ ಎರಡು.”

ಕಸ್ತೂರಿಯ ಮುಖ ಕೆಂಪಾಯಿತು. ಮಗುವಿನ ಬಾಯಿಂದ ಎಣ್ಣೆ ಕದ್ದವಳು ಎಂದು ಯಾರೋ ಅಂದಂತಾಯಿತು. “ನಾ ಒಂದ ಹನಿ ನೆಕ್ಕಿ ನೋಡಿಲ್ಲ. ನಮ್ಮಪ್ಪನಾಣೆ.”

ರಾಚಯ್ಯ ನಗಲು ಶುರುಮಾಡಿದ. “ನೆಕ್ಕೂದ್ಯಾಕ? ಮಾದರಿ ತಗಿಯುವಾಗ ಕೈಯಾಗಿಂದ ಒಳಗ ಹೋಗೇತಿ. ಆರು ವರ್ಷದಿಂದ ಆ ಬಾಗಲಾ ದಾಟಿ ಬರ್ತೀರಿ, ಫಲಕಾ ಓದಿಲ್ಲೇನು?”

ಬಾಗಿಲ ಮೇಲಿನ ಫಲಕವನ್ನು ಅವಳು ಸಾವಿರ ಸಲ ಓದಿದ್ದಳು. ‘ಬರಿಗೈಯಿಂದ ಮುಟ್ಟಬೇಡಿ. ಚರ್ಮ ಎಣ್ಣೆಯನ್ನು ಹೀರುತ್ತದೆ.’ ದುಬಾರಿ ಮಾಲು ಪೋಲಾಗದಿರಲಿ ಎಂದು ಬರೆಸಿದ್ದು ಎಂದುಕೊಂಡಿದ್ದಳು. ಹೌದು, ಅದಕ್ಕೇ ಬರೆಸಿದ್ದು. ಆದರೆ ಚರ್ಮಕ್ಕೆ ಕಾರ್ಖಾನೆಯ ಎಣ್ಣೆ ಯಾವುದು, ಗಾಣದ ಎಣ್ಣೆ ಯಾವುದು ಎಂದು ಗೊತ್ತಾಗುತ್ತದೆಯೇ?

ರಾಚಯ್ಯ ಇನ್ನೂ ಏನೋ ಹೇಳುತ್ತಿದ್ದ. ಕಸ್ತೂರಿ ತನ್ನ ಎರಡೂ ಅಂಗೈಗಳನ್ನು ನೋಡುತ್ತ ಕೂತಳು. ಒಳಗೆ ಇಳಿಯುವ ತನಕ ಕೈ ಬಿಡಬಾರದು. ದಿನಕ್ಕೆ ಅರ್ಧ ಗಂಟೆ. ಬೆಚ್ಚಗೆ ಮಾಡಿದ ಕುಸುಬಿ ಎಣ್ಣೆ. ಬಟ್ಟಲನ್ನು ಬೆಚ್ಚಗೆ ಮಾಡಿ ಕೊಟ್ಟವಳು ತಾನು.

ನಿಯಮಗಳ ಪಟ್ಟಿ ಮೈಗೆ ಎಣ್ಣೆ ತಿಕ್ಕುವ ರೂಢಿಯಿಲ್ಲದ ಯಾವುದೋ ದೇಶದಿಂದ ಬಂದಿತ್ತು. ಏನು ತಿನ್ನಬಾರದು ಎಂದು ಅದರಲ್ಲಿ ನಾಲ್ಕು ಪುಟ ಇತ್ತು. ಏನು ತಿಕ್ಕಬಾರದು ಎಂದು ಒಂದು ಸಾಲೂ ಇರಲಿಲ್ಲ.

*

ನೀಲವ್ವನಿಗೆ ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಮನೆಯಲ್ಲಿ ಒಂದೂ ನೆನಪಾಗಲಿಲ್ಲ. “ಅತ್ತಿ, ಇವತ್ತಿಂದ ಎಣ್ಣಿ ತಿಕ್ಕೂದು ಬ್ಯಾಡ,” ಎಂದುಬಿಟ್ಟಳು. ಆಮೇಲೆ ಯಾಕೆಂದು ಹೇಳಿದಳು.

ನೀಲವ್ವ ಪೂರ್ತಿ ಕೇಳಿದಳು. ಬೇರೆ ವಿಷಯವಾಗಿದ್ದರೆ ನಡುವೆ ಹತ್ತು ಸಲ ಬಾಯಿ ಹಾಕುತ್ತಿದ್ದಳು. ಎದ್ದು ಬಚ್ಚಲಿಗೆ ಹೋಗಿ ಸೀಗೇಪುಡಿ ಹಚ್ಚಿ ಕೈ ತೊಳೆದಳು. ಬಂದು ಕೂತಳು. ಮತ್ತೆ ಎದ್ದು ಹೋಗಿ ಇನ್ನೊಮ್ಮೆ ತೊಳೆದಳು.

“ನನ್ನ ಮೊಮ್ಮಗಳಿಗೆ ನಾನ ಔಷಧಾ ಹತ್ತಗೊಡಲಿಲ್ಲ ಅನ್ನು.”

“ಹಂಗ ಅನಬ್ಯಾಡ್ರಿ. ನಾನೂ ಗೊತ್ತಿದ್ದಕಿ ಅಲ್ಲೇನು? ದಿನಾ ಆ ಎಣ್ಣಿ ಕೂಡ ಕೆಲಸಾ ಮಾಡಾಕಿ. ನನಗ ಹೊಳೀಲಿಲ್ಲ.”

“ನಿನಗ ಹೊಳೀಲಿಲ್ಲ. ನಾ ಮಾತ್ರ ಕಲಿಸೀನಿ,” ಎಂದಳು ನೀಲವ್ವ. ಆಗ ಕಸ್ತೂರಿಗೆ ಅರ್ಥವಾಯಿತು. ಪಡಸಾಲೆಯ ನೆಲ, ಸುತ್ತ ಕೂತ ಹೆಂಗಸರು, ಫಕೀರಪ್ಪ. “ಆರು ಕೂಸು ಬಿಟ್ಟರಂತಲ್ಲ, ಆ ಆರೂ ನನ್ನ ಕಾಲ ಮ್ಯಾಲೆ ಮಲಗಿದ್ವು. ಹೆಸರ ಹೇಳಲೇನು? ಸಾವಂತ್ರಿ, ರೇಣವ್ವ, ಆ ಮುಲ್ಲಾನವರ ಅವಳಿ…”

“ಅತ್ತಿ.”

“ನಾಳೆ ಹೋಗಿ ಡಾಕ್ಟರ್ ಬಾಯಿಗೆ ಹೇಳತೀನಿ.”

“ಬ್ಯಾಡ್ರಿ.” ಕಸ್ತೂರಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ. “ಆರು ವಾರ. ಆರು ವಾರ ಸುಮ್ಮನಿರ್ರಿ ಸಾಕು. ಆ ಆರು ಮಂದಿ ತಿರುಗಿ ಬಂದ್ರ ಅವರಿಗೆ ಕೊಡಾಕ ಎಣ್ಣಿ ಎಲ್ಲಿಂದ ಬರತೈತಿ? ಗಾಳಿ ಇಲ್ಲ. ಇದ್ದವರದ ಕಡಿತಾರ. ಎಲ್ಲಾರಕಿಂತ ಕೆಳಗ ಯಾರ ಅದಾರ? ಹನ್ನೆರಡರ ಮ್ಯಾಲೆ ಕುಂತ ನಮ್ಮ ಕೂಸು. ಇಪ್ಪತ್ತ ಮುಟ್ಟಲಿ. ಆಮ್ಯಾಲೆ ನಾನ ಹೇಳತೀನಿ.”

ನೀಲವ್ವ ಬೈಯಲಿಲ್ಲ. “ನೀ ಹಡದಾಕಿ,” ಎಂದಳು. “ನಿನ್ನ ಮಾತು.”

*

ಮುಂದಿನ ಗುರುವಾರ ಹದಿಮೂರು. ಅದರ ಮುಂದಿನ ಗುರುವಾರ ಹದಿನೈದು.

“ಏನ ಮಾಡಿದಿ?” ಎಂದು ಡಾಕ್ಟರ್ ನದಾಫ್ ಕುರ್ಚಿಯಿಂದ ಅರ್ಧ ಎದ್ದೇ ಕೇಳಿದರು. ಆ ಮುಖದಲ್ಲಿ ಅಷ್ಟು ಸಂತೋಷ ಕಂಡದ್ದು ಅಪರೂಪ. ಕಸ್ತೂರಿ, “ಏನಿಲ್ರಿ, ಅಡಿಗಿ ಇನ್ನಷ್ಟ ಬಿಗಿ ಮಾಡಿದ್ವಿ,” ಎಂದಳು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಸಂಜೆಗಳು ಕೆಟ್ಟಿದ್ದವು. ಕಾಲು ಸೆಳೆತ ಶುರುವಾದರೆ ವೈಜಯಂತಿ, “ಆಯೀ, ತಿಕ್ಕ ಬಾ,” ಎಂದು ಅಳುವಳು. ನೀಲವ್ವ ಬರಿಗೈಯಲ್ಲಿ ಒತ್ತಿದರೆ ಚರ್ಮ ಉರಿಯಿತು ಎಂದು ಒದೆಯುವಳು. ಕೊಬ್ಬರಿ ಎಣ್ಣೆ ನಡೆಯುತ್ತದೆ, ಅದರಲ್ಲಿ ಕಮಟು ಹಿಡಿಯುವ ಜಾತಿಯ ಕೊಬ್ಬು ಹನಿಯಷ್ಟೇ ಎಂದು ಓದಿ ತಿಳಿದು ಕಸ್ತೂರಿ ಡಬ್ಬಿ ತಂದಿಟ್ಟಳು. ನೀಲವ್ವ ಅದನ್ನು ಮುಟ್ಟಲಿಲ್ಲ. ವಾಸನೆಗಲ್ಲ. ಆಕೆಗೆ ಈಗ ಯಾವ ಎಣ್ಣೆಯ ಮೇಲೂ, ತನ್ನ ಕೈ ಮೇಲೂ ನಂಬಿಕೆ ಉಳಿದಿರಲಿಲ್ಲ. ಗುರುವಾರ ಆಸ್ಪತ್ರೆಗೆ ಬರುವುದನ್ನೂ ಬಿಟ್ಟಳು. “ಮಂಡಿ ನೋವು” ಎಂದಳು. ಮಂಡಿ ನೋವಿರಲಿಲ್ಲ.

ಮೂರನೆಯ ಗುರುವಾರ ಅಂಕಿ ಹದಿನಾರು. ಇನ್ನು ಮೂರು ವಾರ, ನಾಲ್ಕು ಅಂಕಿ. ಆಗಿಬಿಡುತ್ತದೆ ಎಂದು ಮನಸ್ಸು ಮೊದಲ ಸಲ ನಂಬತೊಡಗಿತ್ತು. ಕಸ್ತೂರಿ ಮಗಳನ್ನು ದಾದಿಯ ಬಳಿ ಬಿಟ್ಟು ಕಾಗದ ತರಲು ಪಡಸಾಲೆಗೆ ಬಂದಳು. ಬೆಂಚಿನ ಮೇಲಿದ್ದ ಫಕೀರಪ್ಪ ಎದ್ದು ನಿಂತ. ರೇಣವ್ವ ಅವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಅವಳ ಕುತ್ತಿಗೆ ಮೊದಲಿನ ಹಾಗೆ ನೆಟ್ಟಗಿರಲಿಲ್ಲ.

“ಅಕ್ಕಾರ, ಅವ್ವಾರು ಬರವಲ್ಲರು? ಆರಾಮ ಅದಾರಿಲ್ಲೋ?”

“ಮಂಡಿ ನೋವು.”

“ಅವರ ಕೈಗೆ ಇದನ್ನ ಕೊಡಬೇಕಿತ್ರಿ.” ಚೀಲದಿಂದ ಒಂದು ಬಾಟಲಿ ತೆಗೆದ. ತಿಳಿ ಹಳದಿ, ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುವಷ್ಟು ತಿಳಿ. “ಹೊಸಾ ಕುಸುಬಿ. ನಾನ ಗಾಣಕ್ಕ ಹಾಕಿ ಸೋಸಿದ್ದು. ಅವ್ವಾರು ಕಲಿಸಿಕೊಟ್ಟಂಗ ದಿನಾ ಎರಡ ಸಲ ತಿಕ್ಕತೀನ್ರಿ. ತೂಕದ ಎಣ್ಣಿ ಅಂತೂ ಹತ್ತಲಿಲ್ಲ. ಇದಾದ್ರೂ ಹತ್ತಲಿ ಅಂತ.”

ಕಸ್ತೂರಿ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡಳು. ಬೇಡ ಎನ್ನಲು ಆಗಲಿಲ್ಲ, ತೆಗೆದುಕೊಂಡು ಹೋಗಲೂ ಆಗಲಿಲ್ಲ. ದಿನಾ ಎರಡು ಸಲ. ಮಗಳ ಹೆಸರು ತೂಕದ ಪಟ್ಟಿಯಲ್ಲಿದ್ದಾಗಲೂ ಈ ಮನುಷ್ಯ ದಿನಾ ಎರಡು ಸಲ ತಿಕ್ಕಿದ್ದ. ಇಡೀ ಪಡಸಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಗಳನ್ನು ನೋಡಿಕೊಂಡವನು ಅವನೇ. ಅದಕ್ಕೇ ಅವನ ಮಗಳಿಗೆ ಎಲ್ಲರಿಗಿಂತ ಕಡಿಮೆ ಹತ್ತಿತ್ತು.

“ಅಕ್ಕಾರ? ಏನಾತ್ರಿ?”

“ಏನಿಲ್ಲ ತಮ್ಮಾ. ಇಲ್ಲೇ ಕುಂದರು. ಬಸ್ಸಿಗೆ ಹೋಗಬ್ಯಾಡ.”

ಬಾಗಿಲು ತಟ್ಟದೆ ಒಳಗೆ ಹೋದಳು. ಡಾಕ್ಟರ್ ನದಾಫ್ ಇನ್ನೊಂದು ಮಗುವಿನ ಕಾಗದ ನೋಡುತ್ತಿದ್ದರು. ಕಸ್ತೂರಿ ಬಾಟಲಿಯನ್ನು ಅವರ ಮುಂದಿಟ್ಟಳು.

“ಅಡಿಗಿ ಬಿಗಿ ಮಾಡಲಿಲ್ಲರಿ. ಇದನ್ನ ತಿಕ್ಕೂದು ಬಿಟ್ವಿ.”

ಡಾಕ್ಟರಿಗೆ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಒಂದು ಹನಿ ಮುಂಗೈ ಮೇಲೆ ಹಾಕಿ ಬೆರಳಿನಿಂದ ತಿಕ್ಕಿದರು, ಅದು ಮಾಯವಾಗುವ ತನಕ.

“ನಮ್ಮ ದಾದೀಮಾ, ನಮ್ಮಪ್ಪನ ಅವ್ವ, ನನ್ನ ಇದರಾಗ ಅದ್ದಿ ತೆಗೀತಿದ್ಳು,” ಎಂದರು. “ಇದರಾಗ. ಮತ್ತ ನಾ ಆರು ಮಂದಿಗೆ ಸ್ಪಂದಿಸದ ರೋಗಿ ಅಂತ ಬರದ ಕೊಟ್ಟೆ. ಯಾವಾಗ ಗೊತ್ತಾತು ನಿನಗ?”

“ಮೂರು ವಾರ ಆತು.”

ಡಾಕ್ಟರ್ ಕನ್ನಡಕ ತೆಗೆದರು. ಕಸ್ತೂರಿ ತಲೆ ತಗ್ಗಿಸಿ ನಿಂತಳು. ಬೈಗುಳಕ್ಕೆ ಕಾದಳು. ಬರಲಿಲ್ಲ. ಡಾಕ್ಟರ್ ಒಂದು ಕಾಗದದ ಮೇಲೆ ಬರೆಯತೊಡಗಿದ್ದರು.

“ಆರು ಮಂದಿ ತಿರುಗಿ ಬರಬೇಕು. ಅವರ ಜಾಗಾಕ್ಕ ಬಂದವರನ್ನ ನಾ ಕೈ ಹಿಡದ ಹೊರಗ ಹಾಕಲಾರೆ. ನಲವತ್ತರ ಎಣ್ಣಿ ನಲವತ್ತಾರಕ್ಕ. ಆಷಾಢದ ಗಾಳಿ ಏಳೂ ತನಕಾ ಎಲ್ಲಾರ ಚಮಚಾನೂ ಅಷ್ಟಷ್ಟ ಕಡಿಮಿ. ಗಡುವು ಒಂದ ತಿಂಗಳ ಮುಂದ ಹಾಕಸ್ತೀನಿ, ಅದಕ್ಕ ಜಗಳಾ ಆಡತೀನಿ. ಆದ್ರ ಇಪ್ಪತ್ತು ಇಪ್ಪತ್ತ, ಅದನ್ನ ನಾ ಇಳಸಾಕ ಆಗೂದಿಲ್ಲ. ಕಮಟು ನನ್ನ ಮಾತ ಕೇಳೂದಿಲ್ಲ.” ತಲೆ ಎತ್ತಿದರು. “ಕಡಿಮಿ ಚಮಚಾದಾಗ ವೈಜಯಂತಿ ಮುಟ್ಟತಾಳೇನು ಅಂದ್ರ, ಗೊತ್ತಿಲ್ಲ. ಮುಟ್ಟಬಹುದು. ಬರದ ಕೊಡೂದಿಲ್ಲ.”

“ಹೂಂ ರಿ.”

“ಮೂರು ವಾರ ತಡದದ್ದಕ್ಕ ನಿನ್ನ ಮ್ಯಾಲೆ ಸಿಟ್ಟ ಐತಿ ನನಗ. ನಾಳಿಂದ ಮಾಡ್ತೀನಿ ಸಿಟ್ಟು. ಈಗ ಹೊರಗ ಅವನನ್ನ ಕರಿ. ಮತ್ತ ನಿಮ್ಮ ಅತ್ತೀನ ಕರಸು. ಆ ಆರು ಕೂಸುಗಳ ಮನಿಗೆಲ್ಲಾ ಆಕಿನ ಹೋಗಿ ಹೇಳಬೇಕು. ನಾ ಹೇಳಿದ್ರ ಎಣ್ಣಿ ಬಿಡೂದಿಲ್ಲ ಅವರು. ಆಕಿ ಹೇಳಿದ್ರ ಬಿಡತಾರ.”

ನೀಲವ್ವ ಬಂದಳು. ರಾಚಯ್ಯನ ಸ್ಕೂಟರಿನ ಹಿಂದೆ ಕೂತು, ಸೆರಗು ಬಿಗಿದುಕೊಂಡು ಬಂದಳು. ಪಡಸಾಲೆಯಲ್ಲಿ ಫಕೀರಪ್ಪನ ಎದುರು ನಿಂತು, “ತಮ್ಮಾ, ನಾ ತಪ್ಪ ಕಲಿಸಿದೆ,” ಎಂದಳು. ಅವನು ಮಗಳನ್ನು ಹೆಗಲಿನಿಂದ ಇಳಿಸಿ ಆಕೆಯ ಕೈಗೆ ಕೊಟ್ಟ. “ಹಂಗಾದ್ರ ಸರಿ ಯಾವದು ಅದನ್ನ ಕಲಸ್ರಿ ಯವ್ವಾ,” ಎಂದ. ಅವನ ಕಣ್ಣು ಒದ್ದೆಯಾಗಿದ್ದವು, ಆದರೆ ದನಿಯಲ್ಲಿ ಸಿಟ್ಟೂ ಇತ್ತು. ಆ ಸಿಟ್ಟು ಇರಬೇಕಾದದ್ದೇ ಎಂದು ಕಸ್ತೂರಿಗೆ ಅನಿಸಿತು.

*

ಉಳಿದದ್ದು ವೈಜಯಂತಿಗೆ ಹೇಳುವುದು.

ಮರುದಿನ ಬೆಳಿಗ್ಗೆ ಹೊಸ ಅಳತೆಯ ಚಮಚ ಬಂತು. ಗೆರೆ ಹಾಕಿದ ಪ್ಲಾಸ್ಟಿಕ್ ಚಮಚ. ಎಣ್ಣೆ ಅಂಚಿನ ತನಕ ಬರದೆ ಗೆರೆಯಲ್ಲೇ ನಿಲ್ಲುತ್ತಿತ್ತು. ವೈಜಯಂತಿ ಅದನ್ನು ಓರೆಯಾಗಿ ನೋಡಿದಳು. ಮಕ್ಕಳಿಗೆ ಪಾಲಿನ ವಿಷಯದಲ್ಲಿ ಇರುವ ಕಣ್ಣು ತಕ್ಕಡಿಗೂ ಇರುವುದಿಲ್ಲ.

“ತುಂಬಿಲ್ಲ ಇದು.”

ಕಸ್ತೂರಿ ನೆಲದ ಮೇಲೆ ಮಗಳ ಎದುರು ಕೂತಳು. ಎಲ್ಲ ಹೇಳಿದಳು. ಎಣ್ಣೆ ತಿಕ್ಕಿದ್ದು, ಬಿಟ್ಟದ್ದು, ಮೂರು ವಾರ ಬಾಯಿ ಮುಚ್ಚಿಕೊಂಡಿದ್ದದ್ದು, ನಿನ್ನೆ ತೆರೆದದ್ದು. ಉಳಿದ ಎಣ್ಣೆ ರೇಣವ್ವನ ಚಮಚದಲ್ಲಿದೆ, ಇನ್ನೂ ಐದು ಮಕ್ಕಳ ಚಮಚದಲ್ಲಿದೆ ಎಂದಳು. ಅದರಿಂದ ಏನಾಗಬಹುದು ಎಂಬುದನ್ನೂ ಹೇಳಿದಳು. ಅದನ್ನು ಮಾತ್ರ ಮುಚ್ಚಿಡಬಾರದೆಂದು ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ನಿಶ್ಚಯಿಸಿದ್ದಳು.

ವೈಜಯಂತಿ ಅಳಲಿಲ್ಲ. ಹುಬ್ಬು ಗಂಟಿಕ್ಕಿ ಕೂತಳು. ತಂದೆಯ ಹುಬ್ಬು ಅದು.

“ನನ್ನ ಕೇಳಬೇಕಿತ್ತು,” ಎಂದಳು.

“ಹೌದು. ಕೇಳಬೇಕಿತ್ತು.”

“ಕಾಲು ನನ್ನವು.”

“ಹೌದವಾ. ನಿನ್ನವು.” ಕಸ್ತೂರಿ ಚಮಚವನ್ನು ಮಗಳ ಮುಂದೆ ಹಿಡಿದಳು. “ಕೇಳಿದ್ರ ಏನ ಅಂತಿದ್ದಿ?”

“ಒಲ್ಲೆ ಅಂತಿದ್ದೆ.”

ವೈಜಯಂತಿ ಚಮಚವನ್ನು ತೆಗೆದುಕೊಂಡಳು. ಕೈ ತುಸು ನಡುಗಿತು. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡಳು. ಕುಡಿದಳು.

“ಎರಡ ದಿನಾ ಒಲ್ಲೆ ಅಂತಿದ್ದೆ,” ಎಂದಳು ಆಮೇಲೆ, ಲೆಕ್ಕ ಹಾಕುವವಳ ಹಾಗೆ. “ಮೂರನೇ ದಿನಾ ಹೂಂ ಅಂತಿದ್ದೆ. ನೀ ಎರಡ ದಿನಾ ಕಾಯಬೇಕಾಗತಿತ್ತು, ಅಷ್ಟ.”

ಹೇಳಿ ಚಮಚವನ್ನು ತಿರುಗಿಸಿ, ಗೆರೆಯ ಕೆಳಗೆ ಅಂಟಿಕೊಂಡಿದ್ದ ಹನಿಯನ್ನೂ ಬಿಡದೆ ನೆಕ್ಕತೊಡಗಿದಳು.